ಎರಡನೇ ಮಿಷನ್ನಿನ ವರದಿ

ಕಾಗದದ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗರಗರ ಅಕ್ಕ ಅಂತಲೇ ಕರೆಯುತ್ತಿದ್ದರು. ಹಾಳೆಯ ಮೂಲೆ ಹಿಡಿದು ಕಿವಿಯ ಹತ್ತಿರ ಒಮ್ಮೆ ಗರಗರ ಅಲ್ಲಾಡಿಸಿದರೆ ಸಾಕು, ಎಷ್ಟು ಒಣಗಿದೆ ಅಂತ ಹೇಳಿಬಿಡುತ್ತಿದ್ದಳು. ಗುಣಮಟ್ಟ ನೋಡುವ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಸವೆಸಿದವಳು. ಅವಳ ಸಹಿಯಿಲ್ಲದೆ ಒಂದು ಸುರುಳಿಯೂ ಗೇಟು ದಾಟುತ್ತಿರಲಿಲ್ಲ.

ಅವಳು ಕೆಲಸಕ್ಕೆ ಸೇರಿದಾಗ ಎರಡನೇ ಮಿಷನ್ನಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಪತ್ರಿಕೆಯವರು ಅದರ ಕಾಗದಕ್ಕೆ ಸಾಲುಗಟ್ಟಿ ನಿಲ್ಲುತ್ತಿದ್ದರು. ಆಮೇಲೆ ಜನ ಸುದ್ದಿಯನ್ನು ಫೋನಿನಲ್ಲಿ ಓದತೊಡಗಿದರು. ಮೂರು ಪಾಳಿ ಎರಡಾಯಿತು, ಎರಡು ಒಂದಾಯಿತು. ಮರದ ಕಡೆಯೂ ಅದೇ ಗಾಳಿ. ದಿಮ್ಮಿ ಕೊಯ್ಯುತ್ತಿದ್ದ ಅವಳ ತಮ್ಮ ಈಗ ಮರದ ಪುಡಿಗೆ ಅಂಟು ಬೆರೆಸಿ ಹಲಗೆ ಒತ್ತುತ್ತಿದ್ದ. "ಗರಗಸ ಹಿಡಿದ ಕೈಗೆ ಈಗ ಬಟನ್ ಒತ್ತೋ ಕೆಲಸ ಕಣಕ್ಕಾ," ಅಂತ ನಗುತ್ತಿದ್ದ.

ಒಂದು ಬೆಳಿಗ್ಗೆ ಹೊಸ ಮ್ಯಾನೇಜರು ಟೈಪ್ ಮಾಡಿದ ವರದಿ ತಂದು ಅವಳ ಮೇಜಿನ ಮೇಲಿಟ್ಟ. ಎರಡನೇ ಮಿಷನ್ ಪೂರ್ತಿ ಕೆಟ್ಟಿದೆ, ಗುಜರಿಗೆ ಹಾಕಬಹುದು ಎಂದಿತ್ತು. ಅದಕ್ಕೆ ಗುಣಮಟ್ಟದ ಕೋಣೆಯ ಸಹಿಯೂ ಬೇಕಿತ್ತು.

"ಇಲ್ಲೊಂದು ಸಹಿ ಹಾಕಿಬಿಡಿ."

"ನಿನ್ನೆ ಸಂಜೆವರೆಗೂ ಓಡಿದ್ದು ಇವತ್ತು ಹೇಗೆ ಕೆಟ್ಟೋಯ್ತು ಸಾರ್?"

"ಪತ್ರಿಕೆ ಕಾಗದ ಈಗ ಯಾರಿಗೆ ಬೇಕು?"

"ಹಾಗಾದ್ರೆ ಬೇಡ ಅಂತ ಬರೀರಿ. ಕೆಟ್ಟಿದೆ ಅಂತ ಬರೆದ್ರೆ ಜಪ್ಪಯ್ಯ ಅಂದ್ರೂ ಸಹಿ ಹಾಕಲ್ಲ."

"ಈ ಕುರ್ಚಿಗೆ ಬೇರೆಯವರನ್ನ ಕೂರಿಸೋಕೆ ನನಗೆಷ್ಟು ಹೊತ್ತು?"

"ಕೂರಿಸಿ. ಅದಕ್ಕೂ ಮುಂಚೆ ಎರಡು ದಿನ ಮಿಷನ್ ಬಿಡಿ. ಊರೆಲ್ಲ ಮನೆಬಾಗಿಲಿಗೆ ಸಾಮಾನು ತರಿಸ್ಕೊಳ್ತಿದೆ, ರಟ್ಟಿನ ಡಬ್ಬಿ ಸಾಲ್ತಾ ಇಲ್ಲ. ಡಬ್ಬಿಗೆ ಬೇಕಾದ ಕಂದು ಕಾಗದ ಇದರಲ್ಲೇ ತೆಗೆದು ತೋರಿಸ್ತೀನಿ."

ಬಾಗಿಲಲ್ಲಿ ಕೆಲಸದವರು ಗುಂಪುಗೂಡಿದ್ದರು. ಅವರೆದುರು ಆಗಲ್ಲ ಅನ್ನಲಾರದೆ ಮ್ಯಾನೇಜರು ತಲೆಯಾಡಿಸಿದ.

ಮಿಷನ್ನಿನ ಫಿಟ್ಟರ್ ಅವಳ ಗಂಡನ ಅಣ್ಣ. ವಿಷಯ ಕೇಳಿ ಸಿಡುಕಿದ: "ತಲೆ ಕೆಟ್ಟಿದೆಯೇನಮ್ಮಾ ನಿನಗೆ? ಇದು ತೆಳು ಕಾಗದಕ್ಕೇ ಹುಟ್ಟಿದ ಮಿಷನ್ನು."

"ಗೊತ್ತು ಭಾವ. ನೀವು ಬರ್ತೀರೋ ಇಲ್ವೋ, ಅಷ್ಟು ಹೇಳಿ."

ಭಾವ ಗೊಣಗುತ್ತಲೇ ಸ್ಪ್ಯಾನರ್ ಎತ್ತಿಕೊಂಡ.

ಅಂಗಡಿಗಳ ಹಿಂದೆ ಬಿದ್ದಿದ್ದ ಹಳೇ ಡಬ್ಬಿಗಳನ್ನು ತಂದು ನೆನೆಹಾಕಿ ಅರೆದರು. ಮೊದಲ ದಿನ ಹಾಳೆ ಮೂರು ಸಲ ಹರಿಯಿತು. ಮ್ಯಾನೇಜರು ಮೆಟ್ಟಿಲ ಮೇಲೆ ನಿಂತು ಗಡಿಯಾರ ನೋಡಿಕೊಂಡು ಹೋದ. ಮರುದಿನ ಬೆಳಿಗ್ಗೆಯೂ ಹರಿಯಿತು. ಅವಳು ಹರಿದ ತುಂಡನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಸದ್ದು ಮಂಕಾಗಿತ್ತು.

"ಒಳಗಿನ್ನೂ ಹಸಿ ಇದೆ ಭಾವ. ಓಟ ಅರ್ಧಕ್ಕಿಳಿಸಿ, ಆವಿ ಜಾಸ್ತಿ ಬಿಡಿ."

ಮಧ್ಯಾಹ್ನದ ಹೊತ್ತಿಗೆ ಕಂದು ಹಾಳೆ ಎಲ್ಲೂ ಹರಿಯದೆ ಸುರುಳಿ ಸುತ್ತಿಕೊಂಡಿತು. ಭಾವ ಟೋಪಿ ತೆಗೆದು ಮುಖ ಒರೆಸಿಕೊಂಡ, ಒರೆಸಿದ್ದು ಬೆವರು ಮಾತ್ರವಲ್ಲ. ಡಬ್ಬಿ ಮಾಡುವವನೊಬ್ಬನನ್ನು ಅವಳೇ ಕರೆಸಿದ್ದಳು. ಅವನು ಹಾಳೆಯನ್ನು ಮಡಚಿದ, ಉಗುರಿನಿಂದ ಗೀರಿದ, ನೇರ ಮ್ಯಾನೇಜರನ್ನೇ ಕೇಳಿದ: "ಪ್ರತಿವಾರ ಕೊಡೋಕಾಗುತ್ತಾ?"

ಮಿಷನ್ ಗುಜರಿಗೆ ಹೋಗಲಿಲ್ಲ. ಆದರೆ ಮ್ಯಾನೇಜರು ಸುಮ್ಮನಿರುವ ಪೈಕಿಯವನಲ್ಲ. ತಿಂಗಳೊಳಗೆ ಅವಳನ್ನು ಹಳೇ ರಟ್ಟು ಸುರಿಯುವ ಅಂಗಳಕ್ಕೆ, ಬರುವ ಲಾರಿಗಳ ಸರಕು ನೋಡುವ ಕೆಲಸಕ್ಕೆ ಎತ್ತಂಗಡಿ ಮಾಡಿದ. ಬಿಸಿಲು, ದೂಳು, ಕೂರಲೊಂದು ಮುರುಕು ಸ್ಟೂಲು. ಅಳುತ್ತಾಳೆಂದು ಕಾದವರಿಗೆ ನಿರಾಸೆಯಾಯಿತು.

ಮೂರನೇ ದಿನವೇ ಅವಳು ಒಂದು ಲಾರಿ ತಡೆದು ನಿಲ್ಲಿಸಿದಳು. ಕೂಡಲೇ ಮ್ಯಾನೇಜರ ಫೋನು ಬಂತು: "ಅದು ನಮಗೆ ಬೇಕಾದವರ ಲಾರಿ, ಒಳಗೆ ಬಿಡಿ."

"ತೂಕ ಹೆಚ್ಚಲಿ ಅಂತ ರಟ್ಟಿಗೆ ನೀರು ಹೊಡೆದು ತಂದಿದ್ದಾರೆ ಸಾರ್. ಬಿಡಲ್ಲ," ಅಂದವಳು ಫೋನಿಟ್ಟು ಡ್ರೈವರಿಗೆ ಕೈಬೀಸಿದಳು. "ಹಿಂದಕ್ಕೆ ತಗೋಳಪ್ಪಾ, ಕಂಬ ನೋಡ್ಕೊಂಡು."