ಮಸಿ ತಾಗದ ಸೇತುವೆ

ಯುದ್ಧ ಶುರುವಾದ ಮೇಲೆ ಪತ್ರಿಕೆಯ ಕಚೇರಿಗೆ ಸರ್ಕಾರದ ಕಡೆಯಿಂದ ಒಬ್ಬರು ಬಂದು ಕೂತರು. ಮೇಜಿನ ಮೇಲೆ ಕಪ್ಪು ಮಸಿಯ ಬಾಟಲಿ, ಕೈಯಲ್ಲಿ ದಪ್ಪ ಕುಂಚ. ಅವರು ನೋಡದೆ ಒಂದು ಸಾಲಾಗಲಿ, ಚಿತ್ರವಾಗಲಿ ಅಚ್ಚಿಗೆ ಹೋಗುವಂತಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಅವರನ್ನು ಮಸಿ ಸಾಹೇಬರು ಎನ್ನುತ್ತಿದ್ದರು.

ವ್ಯಂಗ್ಯಚಿತ್ರಕಾರನೇನು ಕಮ್ಮಿ ಆಸಾಮಿಯೇ? ಅವರು ಚಾಪೆ ಕೆಳಗೆ ತೂರಿದರೆ ಇವನು ರಂಗೋಲಿ ಕೆಳಗೆ ತೂರುವವನು. ಏನಾದರೊಂದು ಅಳಿಸದೆ ಸಾಹೇಬರ ಕೈ ಸುಮ್ಮನಿರದು ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಗಾಳಕ್ಕೆ ಎರೆ ಸಿಕ್ಕಿಸಿದ ಹಾಗೆ, ಪ್ರತಿ ಚಿತ್ರದ ಮೂಲೆಯಲ್ಲೂ ಕಣ್ಣಿಗೆ ಹೊಡೆಯುವಂಥ ಒಂದು ತಪ್ಪು ಇಡುತ್ತಿದ್ದ. ಸಾಹೇಬರು ಅದಕ್ಕೆ ಮಸಿ ಬಳಿದು ತೃಪ್ತರಾಗುತ್ತಿದ್ದರು. ನಿಜವಾದ ಚುಚ್ಚು ಆರಾಮಾಗಿ ಅಚ್ಚಿಗೆ ಹೋಗುತ್ತಿತ್ತು.

"ಎರೆ ನುಂಗಿದ್ರಾ ಅಪ್ಪ?" ಎಂದು ಸಂಜೆ ಮಗಳು ಕೇಳುವುದು, "ನೀರು ಕುಡಿದಷ್ಟು ಸಲೀಸಾಗಿ" ಎಂದು ಇವನು ಹೇಳುವುದು. ಆ ಮನೆಯಲ್ಲಿ ಉಳಿದಿದ್ದ ನಗು ಇಷ್ಟೇ. ಅಳಿಯ ಗಡಿಯ ನದಿ ಸೇತುವೆ ಕಾಯುವ ಪಡೆಯಲ್ಲಿದ್ದ. ಅವನಿಂದ ಸುದ್ದಿ ಬಂದು ಎಷ್ಟೋ ಕಾಲವಾಗಿತ್ತು. ಸೇತುವೆ ಭದ್ರವಾಗಿದೆ, ಪಡೆ ಕ್ಷೇಮವಾಗಿದೆ ಎಂದು ರೇಡಿಯೋ ಮಾತ್ರ ದಿನಾ ಹೇಳುತ್ತಿತ್ತು. ಮಗಳು ಆ ಒಂದು ಮಾತಿನ ಮೇಲೆ ಜೀವ ಹಿಡಿದಿದ್ದಳು.

ಆ ದಿನ ಬೆಳಿಗ್ಗೆ ಅವನು ಬರೆದದ್ದು ಪೇಪರ್ ಮಾರುವವನ ಚಿತ್ರ. ಆ ಮಹಾಶಯ ಖಾಲಿ ಹಾಳೆಗಳನ್ನು ಎತ್ತಿ ಹಿಡಿದು, ಬಿಸಿಬಿಸಿ ಸುದ್ದಿ ಎಂದು ಕೂಗುತ್ತಿದ್ದಾನೆ. ಕೊಳ್ಳುವವರ ಸಾಲು ಬೀದಿಯ ತಿರುವಿನವರೆಗೆ. ಎರೆಗೆಂದು ಮೂಲೆಯಲ್ಲಿ ನಡು ಮುರಿದ ಒಂದು ಸೇತುವೆ.

"ಅದೊಂದು ಬೇಡ ಅಪ್ಪ. ಬಿಡ್ತು ಅನ್ನಿ," ಎಂದಳು ಮಗಳು.

"ಬಿಡ್ತು. ರೇಡಿಯೋ ಹೇಳೋದಕ್ಕೆ ಉಲ್ಟಾ ಅಲ್ವೇನಮ್ಮ, ಸಾಹೇಬ್ರು ಮಸಿ ಬಳಿದೇ ಬಳೀತಾರೆ. ಯಾರ ಕಣ್ಣಿಗೂ ಬೀಳಲ್ಲ."

ಮಸಿ ಸಾಹೇಬರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಗಡಿಯಿಂದ ಬರುವ ತಂತಿ ಸುದ್ದಿಗಳೆಲ್ಲ ಅವರ ಕೈ ದಾಟಿಯೇ ಹೋಗಬೇಕು. ಸೇತುವೆ ಕಡೆಯ ಸುದ್ದಿ ಏನಾದರೂ ಇದೆಯೇ ಎಂದು ಇವನು ಎಷ್ಟು ಸಲ ಕೇಳಿದರೂ ಒಂದೇ ಉತ್ತರ: "ಬಾಯಿ ಬಿಟ್ರೆ ನನ್ನ ಹೊಟ್ಟೆ ಮೇಲೆ ಹೊಡೀತಾರೆ ಸಾರ್."

ಅವರು ಕುಂಚ ಅದ್ದಿದರು. ಪೇಪರ್ ಮಾರುವವನನ್ನು ಅಳಿಸಿದರು, ಸಾಲಿನಲ್ಲಿ ನಿಂತವರನ್ನೂ ಒಬ್ಬೊಬ್ಬರಾಗಿ ಮುಚ್ಚಿದರು. ಸೇತುವೆಯ ಹತ್ತಿರ ಬಂದು ಕೈ ನಿಂತಿತು. ಬಾಟಲಿಗೆ ಮುಚ್ಚಳ ಹಾಕಿದರು.

ಇವನಿಗೆ ನಗು ಬಂತು. ಕೊನೆಗೂ ತಲೆ ಕೆಟ್ಟಿತು ಈ ಮನುಷ್ಯನಿಗೆ.

"ಸೇತುವೆ ಉಳೀತಲ್ಲ ಸಾಹೇಬ್ರೇ. ಮರೆತ್ರಾ?"

"ಮರೆತಿಲ್ಲ." ಅವರು ತಲೆ ಎತ್ತಲಿಲ್ಲ. "ನೀವು ಮನೆಗೆ ಹೋಗಿ ಸಾರ್. ಪೇಪರ್ ಮನೆ ಮುಟ್ಟೋಕೆ ಮುಂಚೆ ನೀವು ಹೋಗಿ."

ಆಗ ಇವನಿಗೆ ಅರ್ಥವಾಯಿತು. ತಂತಿಯಲ್ಲಿ ಬಂದದ್ದನ್ನು ಬಾಯಲ್ಲಿ ಹೇಳಲಾರದೆ, ಆ ಬಡಪಾಯಿ ಕುಂಚ ತಡೆದು ಹೇಳಿದ್ದರು. ಇಷ್ಟು ದಿನ ಆಡಿಕೊಂಡು ನಕ್ಕಿದ್ದು ಇಂಥವರನ್ನೇ.

ಬಾಗಿಲು ತೆರೆದವಳು ಮಗಳು. ಒಳಗೆ ರೇಡಿಯೋ ಸೇತುವೆ ಭದ್ರವಾಗಿದೆ ಎನ್ನುತ್ತಿತ್ತು.

"ಎರೆ ನುಂಗಿದ್ರಾ ಅಪ್ಪ?"

ಹೂಂ ಅಂದಿದ್ದರೆ ಅವಳಿಗೆ ಇನ್ನೊಂದು ಸಂಜೆ ಸಿಗುತ್ತಿತ್ತು.

"ಇಲ್ಲಮ್ಮ. ಹಾಗೇ ಬಿಟ್ರು."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ರೇಡಿಯೋ ಆರಿಸಿದಳು.