ಕಿಡಕಿಯಿಂದ ಒಗೆದ ದಸ್ತಿ

ತೊಗರಿ ಬೇಳೆಯನ್ನು ಮೊರಕ್ಕೆ ಸುರುವಿಕೊಂಡು ಹರಳು ಆರಿಸುತ್ತಿದ್ದೆ. ಎದುರು ಮನೆಯ ಇಸ್ಮಾಯಿಲನ ಮಗಳು ನಿಷತ ಹೊಸ್ತಿಲು ದಾಟಿ ಬಂದವಳೇ ನನ್ನ ಮುಂದೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಬೋರಲು ಹಾಸಿದಳು. ಅದರ ಬಿಳಿ ಬೆನ್ನಿನ ಮೇಲೆ ಉದ್ದನೆಯದೊಂದು ಚೌಕ, ಅದರೊಳಗೆ ಸಣ್ಣ ಸಣ್ಣ ಚೌಕ ಬರೆದಿದ್ದಳು.

“ಆಯಿ, ಒಂದ್ ಹಿಡಿ ಬ್ಯಾಳಿ ಕೊಡು. ಮಂದಿ ಬೇಕಾಗ್ಯಾರ.”

“ಮಂದಿ ಬೇಕಾದ್ರ ಓಣ್ಯಾಗ ಕರಿ. ಬ್ಯಾಳಿ ಯಾಕ?”

“ಇದು ಬಸ್ಸು. ಬ್ಯಾಳಿ ಅಂದ್ರ ಮಂದಿ. ನೀ ಆ ಹರಳು.”

ನಾನು ಹರಳಾದೆ. ಬಸ್ಸು ನಮ್ಮ ಆಲಮೇಲದ್ದೇ, ಸಿಂದಗಿಗೆ ಹೋಗುವುದು. ಅದು ಸ್ಟ್ಯಾಂಡಿನೊಳಗೆ ಹಿಮ್ಮುಖವಾಗಿ ಬರುತ್ತಿರುವಾಗಲೇ ಕಿಡಕಿಯಿಂದ ಒಳಗೆ ದಸ್ತಿ, ಅಂದರೆ ಕೈವಸ್ತ್ರ, ಒಗೆಯಬೇಕು. ಬಿದ್ದ ಸೀಟು ನಮ್ಮದು. ಇನ್ನೊಬ್ಬರ ದಸ್ತಿಯ ಮೇಲೆ ಯಾರೂ ಕೂಡುವುದಿಲ್ಲ; ಕೂತರೆ ಸಿಂದಗಿಯವರೆಗೂ ಜಗಳ. ನಿಷತ ಕಾಗದದ ಚೂರನ್ನೇ ದಸ್ತಿ ಮಾಡಿ ಊದಿದಳು. ಹರಳು ಹೋಗಿ ಸೀಟಿನಲ್ಲಿ ಕೂತಿತು.

“ಇಷ್ಟ?” ಎಂದೆ.

“ಇಷ್ಟ. ಇನ್ನ ಇದನ್ನ ಕಂಪ್ಯೂಟರಿಗೆ ತಿಳಿಸಿ ಹೇಳಬೇಕು.”

ಅವಳು ಸಿಂದಗಿಗೆ ಬಸ್ಸಿನಲ್ಲಿ ಓಡಾಡಿ ಬಿ.ಸಿ.ಎ. ಮುಗಿಸಿದ್ದಳು. ಹುಬ್ಬಳ್ಳಿಯಲ್ಲಿ ಮೊಬೈಲಿನ ಆಟ ತಯಾರಿಸುವ ಸಣ್ಣ ಕಂಪನಿಯೊಂದು ಹೊಸಬರನ್ನು ಕಲಿಯಲು ತೆಗೆದುಕೊಳ್ಳುತ್ತಿತ್ತು. ಮೊದಲು ಒಂದು ಆಟ ಮಾಡಿ ಕಳಿಸಬೇಕು. ಎಷ್ಟು ಸಣ್ಣದಾದರೂ ನಡೆದೀತು, ಸುರುವಿನಿಂದ ಕೊನೆಯವರೆಗೆ ಪೂರ್ತಿ ಇರಬೇಕು. ಜೊತೆಗೆ ಒಂದು ಪತ್ರ. ಪತ್ರವನ್ನು ನಿಷತ ಮೊದಲೇ ಬರೆದಿಟ್ಟಿದ್ದಳು. ‘ಈ ಆಟವನ್ನು ನಾನು ಪೂರ್ತಿ ಮಾಡಿ ಮುಗಿಸಿದ್ದೇನೆ’ ಎಂಬ ಸಾಲೂ ಅದರಲ್ಲಿತ್ತು. ಆಟ ಮಾತ್ರ ಇರಲಿಲ್ಲ. ಸುಳ್ಳು ಸಾಲಿನ ಪತ್ರ ಕಳಿಸುವ ಮನಸ್ಸಾಗದೆ ಅದು ಲ್ಯಾಪ್‌ಟಾಪಿನಲ್ಲೇ ಉಳಿದಿತ್ತು.

ಇಸ್ಮಾಯಿಲನದು ವೆಲ್ಡಿಂಗ್ ಅಂಗಡಿ, ಕಬ್ಬಿನ ಟ್ರಾಲಿಗಳ ರಿಪೇರಿ. ಸಕ್ಕರೆ ಕಾರ್ಖಾನೆಯ ತೂಕದ ಕಾಟಾದ ಮೇಲೆ ಕಂಪ್ಯೂಟರ್ ಮುಂದೆ ಕೂಡುವ ಕೆಲಸವನ್ನು ಮಗಳಿಗಾಗಿ ಮಾತಾಡಿ ಇಟ್ಟಿದ್ದ.

“ಕಬ್ಬಿನ ಹಂಗಾಮು ಸುರು ಆಗೂ ತನಕ ನಿನ್ನ ಆಟ. ಆಮ್ಯಾಲ ಕಾಟಾ,” ಎಂದಿದ್ದ. ಅಷ್ಟರೊಳಗೆ ಕಳಿಸದಿದ್ದರೆ ಹುಬ್ಬಳ್ಳಿಯ ಮಾತು ಅಲ್ಲಿಗೆ ಮುಗಿಯಿತು ಎಂದು ನಿಷತ ನನ್ನ ಮುಂದೆ ಹೇಳಿದ್ದಳು. ಅತ್ತು ಹೇಳಿದ್ದಲ್ಲ, ಲೆಕ್ಕ ಹೇಳಿದ ಹಾಗೆ ಹೇಳಿದ್ದು.

ಮೊಬೈಲಿನಲ್ಲಿ ಪಾಠ ಹಚ್ಚುವಳು, ನಿಲ್ಲಿಸುವಳು, ಅದರಂತೆ ಬರೆಯುವಳು, ತಪ್ಪಿದರೆ ಪಾಠವನ್ನು ಹಿಂದಕ್ಕೆ ಓಡಿಸುವಳು. ಮೊದಲ ಬಸ್ಸು ಬರೀ ಬೂದಿ ಬಣ್ಣದ ಡಬ್ಬಿ. ಮಂದಿಯೂ ಡಬ್ಬಿಗಳೇ. ನಾನು ದಸ್ತಿ ಒಗೆದರೆ ಅದು ಸೀಟು, ಬಸ್ಸಿನ ನೆಲ, ರಸ್ತೆ ಎಲ್ಲವನ್ನೂ ತೂರಿಕೊಂಡು ಪಾತಾಳಕ್ಕೆ ಹೋಯಿತು.

“ನೆಲಾ ಗಟ್ಟಿ ಐತಿ ಅಂತ ಅದಕ್ಕ ಹೇಳಿದ್ದಿಲ್ಲ.”

“ಅದನ್ನೂ ಹೇಳಬೇಕೇನು?”

“ಎಲ್ಲಾ ಹೇಳಬೇಕು ಆಯಿ. ಅದಕ್ಕ ಹುಟ್ಟಿದ ಕೂಸಿಗಿಂತ ಕಡಿಮಿ ಗೊತ್ತಿರ್ತೈತಿ.”

ರಾತ್ರಿ ಶಾಲೆಯಲ್ಲಿ ಕಲಿತ ನನ್ನ ಓದು ನಿಧಾನ. ಪರದೆಯ ಮೇಲಿನ ಸೂಚನೆ ಓದಿ ಮುಗಿಸುವಷ್ಟರಲ್ಲಿ ಬಸ್ಸು ಬಂದು ಹೋಗಿರುತ್ತಿತ್ತು. ಅವಳು ಅಕ್ಷರ ಕಡಿಮೆ ಮಾಡುತ್ತ ಬಂದು ಕೊನೆಗೆ ಒಂದು ಬೆರಳಿನ ಚಿತ್ರ ಇಟ್ಟಳು. ಸಪ್ಪಳ ಬೇಕೆಂದು ಸ್ಟ್ಯಾಂಡಿಗೆ ಹೋಗಿ ಮೊಬೈಲು ಹಿಡಿದು ನಿಂತಳು. ಬಸ್ಸು ಹೊತ್ತಿಗೆ ಬರುವುದಿಲ್ಲವೆಂದು ವಿಡಿಯೋ ಮಾಡುವವಳು ಇವಳು ಎಂದುಕೊಂಡು ನಾಲ್ಕಾರು ಮಂದಿ ಸುತ್ತುವರಿದು ತಮ್ಮ ತಮ್ಮ ತಕರಾರು ಹೇಳಿದರಂತೆ. ಹಾರ್ನಿನ ಜೊತೆಗೆ ಅದೂ ದಾಖಲಾಗಿತ್ತು. ಅವಳು ತೆಗೆಯಲಿಲ್ಲ.

ಆಮೇಲೆ ಬಣ್ಣದ ಹುಚ್ಚು ಹಿಡಿಯಿತು. ಬೂದಿ ಡಬ್ಬಿಗಳಿಗೆ ತಲೆಗೆ ಸುತ್ತುವ ಪಟಗ, ಬುರ್ಖಾ, ಇಳಕಲ್ ಸೀರೆ ಬಂದವು. ಇಂಡಿ ಊರಿನ ಬಸ್ಸು, ಮುದ್ದೇಬಿಹಾಳದ ಬಸ್ಸು, ಬಾಗೇವಾಡಿಯ ಬಸ್ಸು ಎಂದು ಬಸ್ಸುಗಳೇ ಆರಾದವು. ಒಂದು ಬಸ್ಸಿಗೆ ಮಳೆ, ಒಂದಕ್ಕೆ ಧೂಳು. ಯಾವುದನ್ನೂ ಮುಗಿಯಿತು ಎನ್ನಲಿಲ್ಲ.

ಆಟವನ್ನು ಇಂಡಿಯಲ್ಲಿದ್ದ ಗೆಳತಿ ಶಾಹಿಸ್ತಾಳಿಗೂ ಸಿಂದಗಿಯ ಕಾಲೇಜಿನ ಹುಡುಗಿಯರಿಗೂ ಕಳಿಸಿದಳು. ಎಲ್ಲರಿಂದಲೂ ಬಂದದ್ದು ಒಂದೇ ದೂರು. ಸೀಟು ಸಿಗುವವರೆಗೆ ಚೆನ್ನಾಗಿದೆ, ಸಿಕ್ಕ ಮೇಲೆ ಒತ್ತಿದರೆ ಏನೂ ಆಗುವುದಿಲ್ಲ, ಏನೋ ಕೆಟ್ಟಿದೆ. ನಿಷತ ಕೆಟ್ಟದ್ದನ್ನು ಹುಡುಕತೊಡಗಿದಳು. ಬರೆದದ್ದನ್ನೆಲ್ಲ ಮೇಲಿನಿಂದ ಕೆಳಗೆ ಓದಿದಳು, ಅಳಿಸಿ ಬರೆದಳು. ಕೆಟ್ಟದ್ದು ಸಿಗಲಿಲ್ಲ. ಅಷ್ಟರಲ್ಲಿ ಹೊಲಗಳಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಇಳಿದವು.

ಒಂದು ಮಧ್ಯಾಹ್ನ ಲ್ಯಾಪ್‌ಟಾಪನ್ನು ನನ್ನ ತೊಡೆಯ ಮೇಲಿಟ್ಟು, “ನೀ ಆಡು. ನಾ ಮಾತಾಡೂದಿಲ್ಲ, ಬರೇ ನೋಡ್ತೇನಿ,” ಎಂದಳು. ದಸ್ತಿ ಒಗೆದೆ. ಸೀಟಿನ ಮೇಲೆ ಬಿತ್ತು. ‘ಗೆದ್ದಿರಿ’ ಎಂದು ಬಂತು. ನಾನು ಕಿಡಕಿ ಬದಿಯ ಗಂಡಸಿನ ಮೇಲೆ ಒತ್ತಿದೆ. ಅಲುಗಲಿಲ್ಲ. ಮತ್ತೆ ಒತ್ತಿದೆ.

ಅವಳು ಮಾತಾಡಿಬಿಟ್ಟಳು. “ಅವನ್ನ ಯಾಕ ಒತ್ತಾಕತ್ತೀ? ಗೆದ್ದೀಯಲ್ಲ.”

“ಎಲ್ಲಿ ಗೆದ್ದೇನಿ? ಅತ್ಲಾಗ ಸರೀ ಅನ್ನಾಕತ್ತೇನಿ ಅವಂಗ. ಕೂಸಿನಾಕಿ ನಿಂತಾಳ ನೋಡು.”

ಕೂಸನ್ನೆತ್ತಿಕೊಂಡ ಆ ಹೆಂಗಸನ್ನು ಅವಳು ಗದ್ದಲ ಕಾಣಲಿ ಎಂದು ಬರೆದದ್ದು. ಬರೀ ಚಿತ್ರ. ನಿಷತ ಶಾಹಿಸ್ತಾಳಿಗೆ ಫೋನು ಹಚ್ಚಿ ನನಗೂ ಕೇಳುವಂತೆ ಇಟ್ಟಳು.

“ಸೀಟ್ ಹಿಡದ ಮ್ಯಾಲ ನೀ ಯಾರನ್ನ ಒತ್ತಿದಿ?”

“ಬಾಜೂ ಕುಂತಾಂವನ್ನ. ಮೂರ ಮಂದಿ ಸೀಟಿನ್ಯಾಗ ಮೂರ ಮಂದಿನ ಕುಂದರ್ತಾರೇನ ಹುಚ್ಚಿ? ಸರೀಬೇಕಲ್ಲ.”

“ಹಿಂಗಂತ ಮೊದಲ ಯಾಕ ಹೇಳಲಿಲ್ಲ?”

“ಕೆಟ್ಟೈತಿ ಅಂತ ಹೇಳೇನಲ್ಲ.”

ಕೆಟ್ಟದ್ದು ಏನೂ ಇರಲಿಲ್ಲ, ಆಟ ಅರ್ಧವೇ ಇತ್ತು. ಸೀಟು ಹಿಡಿಯುವುದು ಮೊದಲ ಅರ್ಧ. ಸರಿಸಿ ಸರಿಸಿ ನಿಂತವರನ್ನು ಕೂಡಿಸುವುದು ಇನ್ನೊಂದು ಅರ್ಧ. ಅದನ್ನು ಆರೂ ಬಸ್ಸುಗಳಿಗೆ ಮಾಡಲು ಹೊತ್ತು ಇರಲಿಲ್ಲ. ನಿಷತ ಆರು ಬಸ್ಸುಗಳಲ್ಲಿ ಐದನ್ನು ತೆಗೆದಳು. ಮಳೆ ಹೋಯಿತು, ಧೂಳು ಹೋಯಿತು, ಬಾಗೇವಾಡಿಯ ಬಸ್ಸಿನ ಮೇಲೆ ಬಿಡಿಸಿದ್ದ ಹೂವಿನ ಬಳ್ಳಿಯೂ ಹೋಯಿತು.

“ಇಷ್ಟ ದಿನಾ ಮಾಡಿದ್ದನ್ನ ತಗೀತಾರೇನು?” ಎಂದು ಇಸ್ಮಾಯಿಲ ಬಾಗಿಲಲ್ಲಿ ನಿಂತು ಕೇಳಿದ.

“ಇಟ್ಟರ ಮುಗಿಯೂದಿಲ್ಲ, ಅಬ್ಬಾ.”

ಉಳಿದದ್ದು ಆಲಮೇಲ–ಸಿಂದಗಿ ಬಸ್ಸೊಂದೇ. ಈಗ ಕೂತವರನ್ನು ಒತ್ತಿದರೆ ಗೊಣಗಿ ಒಂದಿಷ್ಟು ಸರಿಯುವರು. ಜಾಗವಾದರೆ ನಿಂತವರು ಕೂಡುವರು. ಅತಿಯಾಗಿ ಒತ್ತಿದರೆ ತಿರುವಿನಲ್ಲಿ ತುದಿಗೆ ಕೂತವರು ಜಾರಿ ಬೀಳುವರು. ಸಿಂದಗಿ ಬರುವುದರೊಳಗೆ ಕೂಸಿನಾಕೆ ಕೂತರೆ ಗೆದ್ದಂತೆ.

ಕಾರ್ಖಾನೆ ಸುರುವಾದ ದಿನ ಸಂಜೆ ಇಸ್ಮಾಯಿಲ ಕೈಯ ಮಸಿ ಒರೆಸಿಕೊಳ್ಳುತ್ತ ನಮ್ಮ ಪಡಸಾಲೆಗೆ ಬಂದ. ನಿಷತ ಅಲ್ಲೇ ಕೂತಿದ್ದಳು.

“ನಾಳೆ ಮುಂಜಾನೆ ಕಾಟಾಕ್ಕ ಬಾ ಅಂದಾರ,” ಎಂದ.

“ಹೂಂ. ಒಂದ್ ಸಲ ಆಡ್ರಿ ಅಬ್ಬಾ.”

ಅವನು ಕುಕ್ಕರಗಾಲಿನಲ್ಲಿ ಕೂತು ಆಡಿದ. ದಸ್ತಿ ಎರಡು ಸಲ ಕಿಡಕಿಯ ಸರಳಿಗೆ ಬಡಿದು ಹೊರಗೆ ಬಿತ್ತು. ಮೂರನೆಯದಕ್ಕೆ ಒಳಗೆ ಹೋಯಿತು. ಚೀಲ ತಬ್ಬಿಕೊಂಡು ಕೂತ ಪಟಗದ ಮನುಷ್ಯನನ್ನು ಎಷ್ಟು ಒತ್ತಿದರೂ ಅವನು ಅಲುಗಲಿಲ್ಲ.

“ಇಂವಾ ನಮ್ಮೂರ ಮಾಳಿಂಗಪ್ಪನಂಗ ಅದಾನಲ್ರಿ ಕಾಕೂ. ಬಸ್ ಮುಳುಗಿದ್ರೂ ಸರಿಯಾಂವಲ್ಲ,” ಎಂದು ಇಸ್ಮಾಯಿಲ ನನ್ನ ಕಡೆ ನೋಡಿದ.

“ಅವನ್ನ ನೋಡೇ ಬರದೇನಿ,” ಎಂದಳು ನಿಷತ. “ಅವನ್ನ ಬಿಡ್ರಿ. ಹಿಂದಿನವರನ್ನ ಕೇಳ್ರಿ.”

ಇಸ್ಮಾಯಿಲ ಹಿಂದಿನ ಸೀಟಿನವರನ್ನು ಸರಿಸಿದ. ಕೂಸಿನಾಕೆ ಕೂತಳು. ಬಸ್ಸು ಸಿಂದಗಿ ಮುಟ್ಟಿತು, ಎಲ್ಲರೂ ಇಳಿದರು, ಸೀಟಿನ ಮೇಲೆ ಖಾಲಿ ದಸ್ತಿ ಒಂದೇ ಉಳಿಯಿತು. ಅವನು ಇನ್ನೂ ಏನೋ ಇದೆಯೆಂದು ಕಾದ.

“ಮುಗೀತ?”

“ಮುಗೀತು.”

ಅವಳ ಬಾಯಿಂದ ಆ ಮಾತು ಅಷ್ಟು ದಿನದಲ್ಲಿ ನಾನು ಕೇಳಿದ್ದು ಅದೇ ಮೊದಲು. ಇಸ್ಮಾಯಿಲ ಎದ್ದು ನಿಂತ.

“ನಾಳೆ ಕಾಟಾಕ್ಕ ಹೋಗೂದು ಹೋಗು. ಅವರ ಉತ್ತರ ಬರೂ ತನಕ ಖಾಲಿ ಯಾಕ ಕುಂದರ್ತಿ? ಇದನ್ನ ಈಗ ಕಳಸು.”

ನಿಷತ ಹಳೆಯ ಪತ್ರ ತೆಗೆದು ಓದಿದಳು. ಪೂರ್ತಿ ಮಾಡಿ ಮುಗಿಸಿದ್ದೇನೆ ಎಂಬ ಸಾಲಿನ ಹತ್ತಿರ ಬೆರಳು ನಿಂತಿತು. ಒಂದಕ್ಷರವನ್ನೂ ತಿದ್ದಲಿಲ್ಲ. ಆಟವನ್ನು ಅದಕ್ಕೆ ಜೋಡಿಸಿದಳು. ನಮ್ಮ ಪಡಸಾಲೆಯಲ್ಲಿ ನೆಟ್‌ವರ್ಕ್ ಸಿಗದೆ ಲ್ಯಾಪ್‌ಟಾಪು, ಮೊಬೈಲು ಎರಡನ್ನೂ ಎತ್ತಿಕೊಂಡು ಮಾಳಿಗೆ ಹತ್ತಿದಳು. ಸ್ವಲ್ಪ ಹೊತ್ತಿನ ಮೇಲೆ ಮೇಲಿನಿಂದ ದನಿ ಬಂತು.

“ಆಯಿ, ಹೋತು.”