ಇಬ್ಬರೂ ಹೊರಗೆ ಬರಲಿಲ್ಲ

ಆ ಬೇಸಿಗೆಯಲ್ಲಿ ಲಿಂಡೆಲ್ ಗಿಲರಿಯ ನಡಿಗೆಯೇ ಬೇರೆಯಾಗಿತ್ತು. ಬೆಲ್‌ಫೋರ್ ಸ್ಟೇಟ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಅವನು ಎರಡು ವರ್ಷವನ್ನು ಬೆಂಚಿನ ಮೇಲೆ ಕೂತೇ ಕಳೆದಿದ್ದ. ಅವನಿಗಿಂತ ಮುಂದಿದ್ದ ರನ್ನಿಂಗ್ ಬ್ಯಾಕ್ ಮೇ ತಿಂಗಳಲ್ಲಿ ಪದವಿ ಮುಗಿಸಿ ಹೊರಟುಹೋಗಿದ್ದ. ಆಟ ಶುರುಮಾಡುವ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಇಸಿದುಕೊಂಡು, ಕಂಕುಳಲ್ಲಿ ಅವುಚಿಕೊಂಡು, ಎದುರಾಳಿಗಳ ಗೋಡೆಯಲ್ಲಿ ಸಂದಿ ಹುಡುಕಿ ನುಗ್ಗುವ ಕೆಲಸ ಇನ್ನು ತನ್ನದೇ ಎಂದು ಲಿಂಡೆಲ್‌ಗೆ ಅನುಮಾನವೇ ಇರಲಿಲ್ಲ. ಊರಿನ ಕ್ಷೌರದಂಗಡಿಯವನೂ ಅವನ ತಲೆ ಸವರುತ್ತಾ, "ಈ ಸಲ ನಿಂದೇ ಕಣೋ ದರ್ಬಾರು" ಅಂದಿದ್ದ.

ಆಗಸ್ಟಿನಲ್ಲಿ ಜಬಾರಿ ಟಾಲಿವರ್ ಬಂದ.

ಜಬಾರಿ ಹ್ಯೂಸ್ಟನ್ ಹುಡುಗ. ಲಕ್ಷ ಜನ ಕೂತು ನೋಡುವಂಥ ಸ್ಟೇಡಿಯಮ್ ಇದ್ದ ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿದ್ದವನು. ಅಲ್ಲಿ ಅವನಿಗಿಂತ ಮೊದಲು ಮೂವರು ಸಾಲಿನಲ್ಲಿದ್ದರು. ಕಾದು ಕಾದು ಬೇಸತ್ತು, ಲೂಯಿಸಿಯಾನಾದ ಈ ಸಣ್ಣ ಊರಿಗೆ ಕಾಲೇಜು ಬದಲಾಯಿಸಿಕೊಂಡು ಬಂದಿದ್ದ. ಮೊದಲ ದಿನದ ಅಭ್ಯಾಸದಲ್ಲಿ ಅವನು ಚೆಂಡು ಹಿಡಿದು ಅಂಚಿನ ಕಡೆ ಒಮ್ಮೆ ಓಡಿದ, ಅಷ್ಟೆ. ಅವನ ಹಿಂದೆ ಓಡಿದವರು ಅರ್ಧ ದಾರಿಯಲ್ಲೇ ಕೈಚೆಲ್ಲಿ ನಿಂತರು. ಲಿಂಡೆಲ್ ಅದನ್ನು ಅಂಚಿನಲ್ಲಿ ನಿಂತು ನೋಡಿದ.

ಮಧ್ಯಾಹ್ನ ಊಟದ ಮನೆಯಲ್ಲಿ ಜಬಾರಿ ಕೆಂಪು ಹುರುಳಿಕಾಯಿ ಬೀಜದ ಸಾರು, ಅನ್ನ ತುಂಬಿದ ತಟ್ಟೆ ಹಿಡಿದು ಬಂದು ಅವನ ಎದುರಿಗೇ ಕೂತ.

"ಲಿಂಡೆಲ್ ಅಂದ್ರೆ ನೀನೇನಾ?"

"ಹೂಂ. ಯಾಕೆ?"

"ನಿನ್ನ ಜಾಗಕ್ಕೆ ಬಂದಿದೀನಿ ಗುರು. ಮುಖ ಕೊಟ್ಟು ಹೇಳ್ಬಿಡೋಣ ಅಂತ."

"ಪಾಪ, ಅಷ್ಟು ದೂರದಿಂದ ಬಂದಿದೀಯ," ಅಂದ ಲಿಂಡೆಲ್. "ಊಟ ಮುಗ್ಸು, ನಿನ್ನ ಬೆಂಚು ತೋರಿಸ್ತೀನಿ. ಮೆತ್ತಗಿದೆ. ಎರಡು ವರ್ಷ ನಾನೇ ಕೂತು ಹದ ಮಾಡಿದೀನಿ."

ಸುತ್ತ ಕೂತವರು ಮೇಜು ಬಡಿದು ನಕ್ಕರು. ಜಬಾರಿಯೂ ನಕ್ಕ. ಆದರೆ ಇಬ್ಬರ ಕಣ್ಣೂ ನಗಲಿಲ್ಲ.

ಅಲ್ಲಿಂದ ಮುಂದೆ ಆಗಸ್ಟ್ ತಿಂಗಳೆಲ್ಲ ಜಿದ್ದಾಜಿದ್ದಿ. ಬೆಳಗಿನ ಜಾವದಲ್ಲೇ ಬೆವರು ಇಳಿಯುವ ಸೆಕೆ. ಒಬ್ಬ ಒಂದು ಸುತ್ತು ಹೆಚ್ಚಿಗೆ ಓಡಿದರೆ ಇನ್ನೊಬ್ಬ ಎರಡು ಸುತ್ತು ಓಡುವನು. ಒಬ್ಬ ಭಾರ ಎತ್ತಿದ್ದು ನೋಡಿ ಇನ್ನೊಬ್ಬ ಅದರ ಮೇಲೆ ಇನ್ನೊಂದು ತಟ್ಟೆ ಏರಿಸುವನು. ರನ್ನಿಂಗ್ ಬ್ಯಾಕ್‌ಗಳನ್ನು ನೋಡಿಕೊಳ್ಳುತ್ತಿದ್ದ ಕೋಚ್ ಮೇಬ್ರಿ ಗಿಡ್ಡ, ದಪ್ಪ ಕುತ್ತಿಗೆಯ ಮನುಷ್ಯ. ಒಂದು ಕಾಲದಲ್ಲಿ ಅವನೂ ಇದೇ ಮೈದಾನದಲ್ಲಿ ಚೆಂಡು ಹೊತ್ತು ಮಂಡಿ ಸವೆಸಿಕೊಂಡವನು. ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದ: "ನಂಗೆ ನಿಮ್ಮ ಹೆಸರೂ ಬೇಡ, ಊರೂ ಬೇಡ. ಯಾರ ಕಂಕುಳಲ್ಲಿ ಚೆಂಡು ಭದ್ರವಾಗಿರುತ್ತೋ ಅವನು ಆಡ್ತಾನೆ. ಕೆಳಗೆ ಬೀಳಿಸ್ದೋನು ನನ್ನ ಪಕ್ಕ ನಿಂತ್ಕೊಂಡು ನೀರು ಕುಡೀತಾ ಇರ್ತಾನೆ."

ತಂಡದೊಳಗೇ ಎರಡು ಗುಂಪು ಮಾಡಿಕೊಂಡು ಆಡಿದ ಕೊನೆಯ ಅಭ್ಯಾಸ ಪಂದ್ಯದಲ್ಲಿ ಚೆಂಡು ಬೀಳಿಸಿದವನು ಲಿಂಡೆಲ್. ನುಗ್ಗಿದ್ದೇನೋ ಚೆನ್ನಾಗಿತ್ತು, ಮೂರು ಜನರನ್ನು ಕೊಡವಿಕೊಂಡಿದ್ದ. ನಾಲ್ಕನೆಯವನ ಭುಜ ಬಂದು ಮೊಣಕೈಗೆ ಬಡಿಯಿತು, ಚೆಂಡು ಸೋಪಿನ ಹಾಗೆ ಜಾರಿತು. ಮಾರನೆಯ ದಿನ ಕೋಚ್ ಇಡೀ ತಂಡದ ಎದುರು ಹೇಳಿದ: "ಮೊದಲ ಪಂದ್ಯಕ್ಕೆ ಟಾಲಿವರ್."

ಹೀಗೆ ಸೆಪ್ಟೆಂಬರ್ ಕಳೆಯಿತು. ಜಬಾರಿ ಓಡಿದ, ಜನ ಕುಣಿದರು. ಲಿಂಡೆಲ್‌ಗೆ ಉಳಿದದ್ದು ಒಂದೇ ಕೆಲಸ. ಕ್ವಾರ್ಟರ್‌ಬ್ಯಾಕ್ ಪ್ರೆಂಟಿಸ್ ಚೆಂಡನ್ನು ದೂರಕ್ಕೆ ಎಸೆಯಬೇಕಾದಾಗ ಅವನ ಮುಂದೆ ನಿಂತು, ಅವನನ್ನು ಕೆಡವಲು ನುಗ್ಗಿ ಬರುವವರನ್ನು ತಡೆಯುವುದು. ಅದು ಜಬಾರಿಗೆ ಬರುತ್ತಿರಲಿಲ್ಲ. ಶತ್ರು ಎಡಗಡೆಯಿಂದ ಬಂದರೆ ಇವನು ಬಲಕ್ಕೆ ತಿರುಗುತ್ತಿದ್ದ. ಆಗೆಲ್ಲ ಕೋಚ್, "ಗಿಲರಿ, ಒಳಗೆ!" ಎಂದು ಕೂಗುವನು. ಲಿಂಡೆಲ್ ಓಡಿಹೋಗಿ ಒಬ್ಬನಿಗೆ ಎದೆಯೊಡ್ಡಿ ಮತ್ತೆ ಹೊರಗೆ ಬರುವನು. ಅದನ್ನು ನೋಡಿ ಯಾರೂ ಕುಣಿಯುವುದಿಲ್ಲ.

ಅವನ ತಂಗಿ ನೊಯೆಲ್ ಅದೇ ಕಾಲೇಜಿನ ಬ್ಯಾಂಡಿನಲ್ಲಿ ಟ್ರೊಂಬೋನ್ ಊದುತ್ತಿದ್ದಳು. ಅವಳ ನಾಲಿಗೆಗೆ ಲಗಾಮಿರಲಿಲ್ಲ.

"ಅಣ್ಣಾ, ನಿನ್ನ ಜೆರ್ಸಿ ನೋಡಿ ಮಮ್ಮಾಗೆ ಬಹಳ ಖುಷಿ. ಇಡೀ ತಂಡದಲ್ಲಿ ಒಗೆಯೋ ಕೆಲ್ಸ ಇಲ್ದಿರೋದು ಅದೊಂದೇ ಅಂತೆ."

"ನೀನು ನಿನ್ನ ತುತ್ತೂರಿ ಊದ್ಕೊಂಡಿರು ಹೋಗೆ."

"ಊದ್ತೀನಿ. ಜಬಾರಿ ಓಡ್ದಾಗೆಲ್ಲ ಊದಿ ಊದಿ ತುಟಿ ಬಾತ್ಕೊಂಡಿದೆ."

ಒಂದು ಸಂಜೆ ಅಭ್ಯಾಸ ಮುಗಿದು ಎಲ್ಲರೂ ಹೊರಟ ಮೇಲೆ ಜಬಾರಿ ಅವನ ಹತ್ತಿರ ಬಂದ. ಹಿಂದಿನ ಶನಿವಾರ ಅವನು ತಪ್ಪು ಕಡೆ ತಿರುಗಿದ್ದರಿಂದ ಪ್ರೆಂಟಿಸ್ ಅಂಗಾತ ಬಿದ್ದು ಪಕ್ಕೆಲುಬು ನೋಯಿಸಿಕೊಂಡಿದ್ದ. ಜಬಾರಿ ಹೆಲ್ಮೆಟ್ಟಿನ ಪಟ್ಟಿ ತಿರುಚುತ್ತಾ ಕೇಳಿದ.

"ಎದುರು ಕಡೆ ಲೈನ್‌ಬ್ಯಾಕರ್ ನುಗ್ತಾನೆ ಅಂತ ನಿಂಗೆ ಮೊದ್ಲೇ ಹೆಂಗೆ ಗೊತ್ತಾಗುತ್ತೆ?"

"ಹೇಳ್ಕೊಟ್ರೆ ನಂಗೇನು ಉಳಿಯುತ್ತೆ?"

ಜಬಾರಿ ಯೋಚಿಸಿದ. "ಏನೂ ಉಳಿಯಲ್ಲ," ಅಂದ.

ಆ ನೇರ ಉತ್ತರಕ್ಕೆ ಲಿಂಡೆಲ್‌ಗೆ ನಗು ಬಂದುಬಿಟ್ಟಿತು. ಬೈದು ಕಳಿಸಬಹುದಿತ್ತು. ಆದರೆ ತಿಂಗಳಿಂದ ಬೆಂಚಿನ ಮೇಲೆ ಕೂತು ಇವನು ಆ ಕೆಲಸವನ್ನು ಕೆಡಿಸುವುದನ್ನು ನೋಡಿ ನೋಡಿ ಅವನ ಕೈ ತುರಿಸುತ್ತಿತ್ತು. ತನಗೆ ಚೆನ್ನಾಗಿ ಬರುವ ಕೆಲಸವನ್ನು ಇನ್ನೊಬ್ಬ ಕೆಟ್ಟದಾಗಿ ಮಾಡುವುದನ್ನು ಸಹಿಸಿಕೊಳ್ಳುವುದು ಅವನಿಂದ ಆಗಲಿಲ್ಲ.

"ಅವನ ಕಣ್ಣು ನೋಡ್ತೀಯ ನೀನು. ಕಣ್ಣು ಸುಳ್ಳು ಹೇಳುತ್ತೆ. ಹಿಮ್ಮಡಿ ನೋಡು. ನುಗ್ಗೋನ ಹಿಮ್ಮಡಿ ನೆಲ ಬಿಟ್ಟಿರುತ್ತೆ, ಸುಮ್ನೆ ಹೆದರಿಸೋನದು ಊರಿರುತ್ತೆ. ನಿಂತ್ಕೋ. ನಾನು ಬರ್ತೀನಿ, ತಡಿ ನೋಡಣ."

ಲಿಂಡೆಲ್ ಮೈಯೆಲ್ಲ ಬಿಟ್ಟು ಬಂದು ಗುದ್ದಿದ. ಜಬಾರಿ ಹುಲ್ಲಿನ ಮೇಲೆ ಮಕಾಡೆ ಬಿದ್ದ. ಮತ್ತೆ ಎದ್ದ, ಮತ್ತೆ ಬಿದ್ದ. ಕೊನೆಗೊಮ್ಮೆ ಗಟ್ಟಿಯಾಗಿ ನಿಂತು ತಡೆದಾಗ ಇಬ್ಬರೂ ಒಟ್ಟಿಗೇ ಕೇಕೆ ಹಾಕಿದರು.

"ಈಗ ನನ್ನ ಸರದಿ," ಅಂದ ಲಿಂಡೆಲ್. "ಆ ತಿರುವು ಹೆಂಗೆ ತಗೋತೀಯ ಹೇಳು."

"ಅದು ಕಲ್ಸೋದಲ್ಲ ಮಗಾ, ಹುಟ್ಟಿನಿಂದ ಬರ್ಬೇಕು."

"ಬಾಯ್ಮುಚ್ಕೊಂಡು ತೋರ್ಸು."

ಜಬಾರಿ ತೋರಿಸಿದ. ತಿರುಗುವ ಮುಂಚೆ ಹೆಜ್ಜೆ ಚಿಕ್ಕದು ಮಾಡಬೇಕು, ಭುಜ ಒಂದು ಕಡೆ ಹೋದಂತೆ ತೋರಿಸಿ ಸೊಂಟ ಇನ್ನೊಂದು ಕಡೆ ಎಳೆಯಬೇಕು. ಬೇಲಿಯಾಚೆ ಸೂರ್ಯ ಮುಳುಗುವವರೆಗೆ ಇಬ್ಬರೂ ಬಿಡಲಿಲ್ಲ.

ಮುಂದಿನ ಪಂದ್ಯದಲ್ಲಿ ಲಿಂಡೆಲ್ ಹೆದರಿದ್ದೇ ಆಯಿತು. ಜಬಾರಿ ಸರಿಯಾದ ಹಿಮ್ಮಡಿ ನೋಡಿದ, ಸರಿಯಾದವನನ್ನು ತಡೆದ. "ಗಿಲರಿ, ಒಳಗೆ!" ಎಂಬ ಕೂಗೇ ಕೇಳಲಿಲ್ಲ. ಲಿಂಡೆಲ್ ಪೂರ್ತಿ ಆಟ ಅಂಚಿನಾಚೆ ನಿಂತೇ ಇದ್ದ. ಅಣ್ಣನೇ ಹೇಳಿಕೊಟ್ಟಿದ್ದು ನೊಯೆಲ್‌ಗೆ ತಿಳಿದಾಗ ಅವಳು ತಮಾಷೆ ಮಾಡಲಿಲ್ಲ. "ನಿಂಗೇನು ತಲೆ ಕೆಟ್ಟಿತ್ತಾ ಅಣ್ಣಾ?" ಅಂತ ಮಾತ್ರ ಕೇಳಿದಳು. ಅವನಿಗೂ ಹಾಗೇ ಅನಿಸಿತ್ತು.

ಅಕ್ಟೋಬರಿನಲ್ಲಿ ಹೋಮ್‌ಕಮಿಂಗ್ ಬಂತು. ಕಾಲೇಜು ಬಿಟ್ಟು ಎಷ್ಟೋ ವರ್ಷವಾದವರೆಲ್ಲ ಮಕ್ಕಳು ಮರಿ ಕಟ್ಟಿಕೊಂಡು ವಾಪಸು ಬರುವ ಶನಿವಾರ. ಬೆಳಗ್ಗೆಯೇ ಮೈದಾನದ ಸುತ್ತ ಗಾಡಿಗಳ ಸಾಲು, ಒಲೆಗಳ ಹೊಗೆ, ಅನ್ನ, ಮಾಂಸ ತುಂಬಿದ ಬೂದಾನ್ ಸಾಸೇಜಿನ ವಾಸನೆ, ಎಣ್ಣೆಯಲ್ಲಿ ಚುರುಗುಟ್ಟುವ ಮೀನು. ಬ್ಯಾಂಡ್ ಮೈದಾನಕ್ಕೆ ಕಾಲಿಟ್ಟಾಗ ನೆಲವೇ ಅದುರಿತು. ಎದುರಾಳಿ ಹಾರ್ಮನ್ ಕಾಲೇಜು. ಅವರ ಕೈಲಿ ಸೋತರೆ ಮುಂದಿನ ಹೋಮ್‌ಕಮಿಂಗ್‌ವರೆಗೂ ತಲೆ ಎತ್ತಿ ಓಡಾಡುವ ಹಾಗಿಲ್ಲ.

ಕೊನೆಯ ಕ್ವಾರ್ಟರ್ ಮುಗಿಯುತ್ತಾ ಬಂದಾಗ ಹಾರ್ಮನ್ ನಾಲ್ಕು ಪಾಯಿಂಟ್ ಮುಂದಿತ್ತು. ಚೆಂಡು ಬೆಲ್‌ಫೋರ್ ಕೈಯಲ್ಲಿತ್ತು, ಗೆಲ್ಲಬೇಕಾದರೆ ಚೆಂಡನ್ನು ಕೊನೆಯ ಗೆರೆ ದಾಟಿಸಿ ಆರು ಪಾಯಿಂಟಿನ ಟಚ್‌ಡೌನ್ ಮಾಡಲೇಬೇಕು. ಜಬಾರಿ ಅಂಚಿನಲ್ಲಿ ಮಿಂಚಿನಂತೆ ಓಡಿ ಅರ್ಧ ಮೈದಾನ ದಾಟಿದ. ಎಲ್ಲರೂ ಎದ್ದು ನಿಂತು ಕಿರುಚುತ್ತಿದ್ದರೆ ಅವನು ಮಂಡಿಯ ಮೇಲೆ ಕೈಯೂರಿ ಬಗ್ಗಿದ್ದ. ಆಟದ ಶುರುವಿನಿಂದ ಓಡಿ ಅವನ ಉಸಿರೇ ಮುಗಿದಿತ್ತು. ತನ್ನ ಹೆಲ್ಮೆಟ್ಟಿನ ಮೇಲೆ ತಟ್ಟಿ, ಹೊರಗೆ ಕರೆಸಿಕೊಳ್ಳಿ ಎಂದು ಸನ್ನೆ ಮಾಡಿದ.

"ಗಿಲರಿ!" ಕೋಚ್ ಅಬ್ಬರಿಸಿದ. "ಏನು ನೋಡ್ತಾ ನಿಂತಿದೀಯ, ಹೋಗು!"

ಲಿಂಡೆಲ್ ಹಾರಿದ. ಮೊದಲ ಸಲ ಚೆಂಡು ಕೈಗೆ ಬಂದಾಗ ಎರಡು ಕೈಯಲ್ಲೂ ಅವುಚಿಕೊಂಡು ನಡುವೆ ನುಗ್ಗಿದ, ಬಿದ್ದ, ಎದ್ದ. ಮತ್ತೆ ಅವನಿಗೇ ಚೆಂಡು. ಎದುರಿಗೆ ಒಬ್ಬ ಅಡ್ಡ ಬಂದ. ಲಿಂಡೆಲ್ ಹೆಜ್ಜೆ ಚಿಕ್ಕದು ಮಾಡಿದ, ಭುಜ ಬಲಕ್ಕೆ ತೋರಿಸಿ ಸೊಂಟ ಎಡಕ್ಕೆ ಎಳೆದ. ಅಡ್ಡ ಬಂದವನು ಗಾಳಿಯನ್ನು ತಬ್ಬಿ ಬಿದ್ದ! ಬೆಲ್‌ಫೋರ್ ಕಡೆಯ ಗ್ಯಾಲರಿ ಹುಚ್ಚೆದ್ದಿತು. ಮತ್ತೆ ಚೆಂಡು, ಮತ್ತೆ ನುಗ್ಗು. ಬೆನ್ನಿಗೆ ಜೋತುಬಿದ್ದ ಇಬ್ಬರನ್ನು ಎಳೆದುಕೊಂಡೇ ಹೋದ. ಎರಡು ವರ್ಷ ಒಳಗೇ ಕುದಿಯುತ್ತಿದ್ದದ್ದೆಲ್ಲ ಕಾಲಿಗೆ ಇಳಿದಂತಿತ್ತು. ಗೆರೆ ಇನ್ನು ಐದು ಗಜ ದೂರ. ಗಡಿಯಾರ ಓಡುತ್ತಿದೆ, ನಿಲ್ಲಿಸಲು ಟೈಮ್‌ಔಟ್ ಒಂದೂ ಉಳಿದಿಲ್ಲ.

ಅಷ್ಟರಲ್ಲಿ ಜಬಾರಿ ಓಡಿಬಂದ.

"ಉಸಿರು ಬಂತು. ನೀನು ಹೋಗು, ಕೋಚ್ ಕಳಿಸಿದಾರೆ."

"ಹೋಗೋ ಅತ್ಲಾಗೆ! ಇಲ್ಲೀತನಕ ತಂದೋನು ನಾನು."

"ಅರ್ಧ ಮೈದಾನ ಓಡ್ದೋನು ನಾನಲ್ವಾ? ನಡಿ ಆಚೆ!"

"ಜೀವ ಹೋದ್ರೂ ಹೋಗಲ್ಲ."

ಅಂಚಿನಾಚೆ ಕೋಚ್ ಮೇಬ್ರಿ ಟೋಪಿ ನೆಲಕ್ಕೆ ಬಡಿದು ಕುಣಿಯುತ್ತಿದ್ದ. ಆಡಬೇಕಾದವರು ಹನ್ನೊಂದು, ಮೈದಾನದಲ್ಲಿ ಹನ್ನೆರಡು. ಪ್ರೆಂಟಿಸ್ ಇಬ್ಬರ ಮುಖವನ್ನೂ ನೋಡಿದ, ಗಡಿಯಾರ ನೋಡಿದ, ಪಕ್ಕದಲ್ಲಿದ್ದ, ಎಸೆದ ಚೆಂಡು ಹಿಡಿಯುವ ರಿಸೀವರ್ ಒಬ್ಬನ ಬೆನ್ನಿಗೆ ಕೈಹಚ್ಚಿ ತಳ್ಳಿದ.

"ಈ ಎರಡು ಕತ್ತೆಗಳು ಜಾಗ ಬಿಡಲ್ಲ. ನೀನು ಆಚೆ ಓಡು ಮಾರಾಯ, ಓಡು!" ಆಮೇಲೆ ಇವರ ಕಡೆ ತಿರುಗಿದ. "ನನ್ನ ಬಲಗಡೆ ಇರೋನಿಗೆ ಚೆಂಡು. ಎಡಗಡೆ ಇರೋನು ಮುಂದೆ ಹೋಗಿ ದಾರಿ ಬಿಡಿಸ್ಲಿ."

ಇಬ್ಬರೂ ಬಲಗಡೆಗೇ ಜಿಗಿದರು! ಭುಜಕ್ಕೆ ಭುಜ ತಾಗಿತು. ಜಬಾರಿ ಒಂದು ಕೂದಲಷ್ಟು ಮುಂದಿದ್ದ. ಬೈದುಕೊಳ್ಳುತ್ತಲೇ ಲಿಂಡೆಲ್ ಎಡಕ್ಕೆ ಸರಿದು ಬಗ್ಗಿದ.

ಎದುರಿನ ಲೈನ್‌ಬ್ಯಾಕರ್ ಕಣ್ಣನ್ನು ಬೇರೆ ಕಡೆ ನೆಟ್ಟಿದ್ದ. ಅವನ ಹಿಮ್ಮಡಿ ಮಾತ್ರ ನೆಲ ಬಿಟ್ಟಿತ್ತು. ಚೆಂಡು ಕದಲಿದ ಗಳಿಗೆಯಲ್ಲೇ ಲಿಂಡೆಲ್ ಅವನ ಎದೆಗೆ ಹೋಗಿ ಬಿದ್ದ. ಇಬ್ಬರೂ ಉರುಳಿದರು. ಜಬಾರಿ ಅವನ ಬೆನ್ನಿನ ಪಕ್ಕದಲ್ಲೇ ಹಾರಿ ಹೋದ. ಗೆರೆಯ ಹತ್ತಿರ ಇನ್ನೊಬ್ಬ ಅಡ್ಡ ಬಂದು ಗುದ್ದಿದ. ಧಡ್ ಎಂಬ ಸದ್ದು. ಚೆಂಡು ಮೇಲೆ ಚಿಮ್ಮಿತು.

ಲಿಂಡೆಲ್ ನೆಲದ ಮೇಲಿದ್ದ. ಚೆಂಡು ಪುಟಿಯಿತು, ದಿಕ್ಕು ತಪ್ಪಿ ಇನ್ನೊಮ್ಮೆ ಪುಟಿಯಿತು, ಗೆರೆ ದಾಟಿ ಉರುಳಿತು. ಅವನು ಏಳಲೇ ಇಲ್ಲ. ಕೈಕಾಲೂರಿ ಅಂಬೆಗಾಲಿಟ್ಟು ಹಾಗೇ ಎಗರಿ ಅದರ ಮೇಲೆ ಬಿದ್ದ. ಅವನ ಮೇಲೆ ಹತ್ತು ಜನ ಬಿದ್ದರು. ಕತ್ತಲೆ, ಬೆವರು, ಬಾಯಲ್ಲಿ ಹುಲ್ಲು. ಯಾರೋ ಬೆರಳು ತಿರುಚಿದರು, ಯಾರೋ ಮೊಣಕೈಯಿಂದ ತಿವಿದರು. ಅವನು ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡು ಮುದುಡಿದ. ಆ ರಾಶಿಯ ಅಡಿಯಲ್ಲಿ ಕಿವಿಯ ಹತ್ತಿರವೇ ಒಂದು ದನಿ ಕೇಳಿತು.

"ಬಿಡ್ಬೇಡ ಮಗಾ, ಬಿಡ್ಬೇಡ!"

"ಬಿಡೋಕೆ ನಾನೇನು ನೀನಾ?" ಲಿಂಡೆಲ್ ಏದುಸಿರಿನಲ್ಲೇ ಅಂದ.

ರೆಫರಿಗಳು ಒಬ್ಬೊಬ್ಬರನ್ನೇ ಎಳೆದು ಹಾಕಿದರು. ಕೊನೆಗೆ ಲಿಂಡೆಲ್‌ನ ಹೊಟ್ಟೆಯಡಿ ಇಣುಕಿದವನು ನೆಟ್ಟಗೆ ನಿಂತು ಎರಡು ಕೈಯನ್ನೂ ಆಕಾಶಕ್ಕೆ ಎತ್ತಿದ. ಟಚ್‌ಡೌನ್! ಬ್ಯಾಂಡಿನವರಿಗೆ ಯಾವ ಹಾಡು ಎಂಬುದೇ ಮರೆತುಹೋಗಿ ಒಬ್ಬೊಬ್ಬರು ಒಂದೊಂದು ಊದಿದರು. ಬೇಲಿಯ ಹತ್ತಿರ ನೊಯೆಲ್ ಟ್ರೊಂಬೋನನ್ನು ಕೊಡೆಯ ಹಾಗೆ ಮೇಲೆತ್ತಿ ಕುಣಿಯುತ್ತಿದ್ದಳು.

ಹಾರ್ಮನ್‌ಗೆ ಮತ್ತೆ ಉಸಿರಾಡಲು ಸಮಯ ಉಳಿದಿರಲಿಲ್ಲ. ಆಟ ಮುಗಿದು ಹೊರಗೆ ಬರುವಾಗಲೂ ಇಬ್ಬರ ಜಗಳ ನಿಂತಿರಲಿಲ್ಲ.

"ಆ ಟಚ್‌ಡೌನ್ ನಂದು ಕಣೋ. ನಾನು ಬೀಳಿಸ್ದೇ ಇದ್ರೆ ನಿಂಗೆಲ್ಲಿ ಸಿಗ್ತಿತ್ತು?"

"ಹಂಗಾದ್ರೆ ಪ್ರತಿ ವಾರ ಬೀಳಿಸ್ತಾ ಇರು, ದಮ್ಮಯ್ಯ."

ಕೋಚ್ ಮೇಬ್ರಿ ಇಬ್ಬರ ಕೊರಳಪಟ್ಟಿಯನ್ನೂ ಹಿಡಿದು ನಿಲ್ಲಿಸಿದ. ಅವನ ಕಣ್ಣು ಕೆಂಪಗಿತ್ತು, ಸಿಟ್ಟಿಗೋ ಸಂತೋಷಕ್ಕೋ ಗೊತ್ತಾಗಲಿಲ್ಲ. "ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ವಾ? ಸೋಮವಾರ ಬೆಳಗ್ಗೆ ಸ್ಟೇಡಿಯಮ್ ಮೆಟ್ಲು ಹತ್ತಿ ಇಳೀರಿ, ನಾನು ಸಾಕು ಅನ್ನೋತನಕ. ನಾನು ಅಷ್ಟು ಸುಲಭಕ್ಕೆ ಅನ್ನೋನಲ್ಲ."

ಅವನು ಹೇಳಿದಂತೆಯೇ ಆಯಿತು. ಸೋಮವಾರ ಕಾಲು ಕಂಬದಂತಾಗುವವರೆಗೆ ಇಬ್ಬರೂ ಹತ್ತಿ ಇಳಿದರು, ಅದರಲ್ಲೂ ಯಾರು ಮುಂದೆ ಎಂದು ಪೈಪೋಟಿ. ಕೊನೆಗೆ ಕೋಚ್ ಕೆಳಗಿನ ಮೆಟ್ಟಿಲ ಮೇಲೆ ಇಬ್ಬರನ್ನೂ ಕೂರಿಸಿಕೊಂಡ.

"ಇನ್ಮೇಲೆ ಪಂದ್ಯದ ನಡುವೆ ಕೆಲವು ಸಲ ನಿಮ್ಮಿಬ್ರನ್ನೂ ಒಟ್ಟಿಗೇ ಇಳಿಸ್ತೀನಿ. ಹಾರ್ಮನ್‌ನವ್ರ ಮುಖ ನೋಡಿದ್ರಾ? ಯಾರ ಹಿಂದೆ ಓಡೋದು ಅಂತಾನೇ ಗೊತ್ತಾಗ್ಲಿಲ್ಲ ಅವ್ರಿಗೆ. ಉಳಿದ ಸಲ ಒಬ್ಬನೇ. ಈ ಶನಿವಾರ ಮೊದಲ ಚೆಂಡು ಗಿಲರಿಗೆ. ಮುಂದಿನ ವಾರದ್ದು ಮುಂದಿನ ವಾರ."

ಜಬಾರಿ ನೀರಿನ ಬಾಟಲಿ ಲಿಂಡೆಲ್‌ನ ಮಡಿಲಿಗೆ ಎಸೆದ.

"ಒಂದು ವಾರ ಮೆರ್ಕೊಂಡ್ಬಿಡು. ಆಮೇಲೆ ನಾನಿದೀನಿ."

"ಬಾರೋ, ನೋಡ್ಕೋತೀನಿ," ಅಂದ ಲಿಂಡೆಲ್. ಬೇಸಿಗೆಯಲ್ಲಿ ಆ ಜಾಗ ಸುಮ್ಮನೆ ಕೈಗೆ ಬರುತ್ತದೆ ಎಂದು ನಂಬಿಕೊಂಡಿದ್ದಾಗ ಆಗಿದ್ದಕ್ಕಿಂತ ಎಷ್ಟೋ ಹೆಚ್ಚು ಸಂತೋಷ ಈಗ ಅವನಿಗಾಗುತ್ತಿತ್ತು.

ಶನಿವಾರ ಪರವೂರಿನ ಮೈದಾನ, ಗ್ಯಾಲರಿ ತುಂಬ ಶಿಳ್ಳೆ, ಬೈಗುಳ. ಮೊದಲ ಆಟದಲ್ಲೇ ಪ್ರೆಂಟಿಸ್ ಚೆಂಡನ್ನು ಅವನ ಹೊಟ್ಟೆಗೆ ಒತ್ತಿದ. ಲಿಂಡೆಲ್ ಸಂದಿಯಲ್ಲಿ ನುಸುಳಿ ಒಂಬತ್ತು ಗಜ ಮುಂದೆ ಹೋಗಿ ಬಿದ್ದ. ಧೂಳು ಕೊಡವಿಕೊಂಡು ಎದ್ದು ಅಂಚಿನ ಕಡೆ ನೋಡಿದರೆ, ಜಬಾರಿ ಆಗಲೇ ಹೆಲ್ಮೆಟ್ ತೊಟ್ಟು ಕೋಚ್ ಪಕ್ಕ ತುದಿಗಾಲಲ್ಲಿ ನಿಂತಿದ್ದ. ಲಿಂಡೆಲ್ ಅವನತ್ತ ಬೆರಳಾಡಿಸಿ ಇನ್ನೂ ಇಲ್ಲ ಎಂದು ಸನ್ನೆ ಮಾಡಿ, ನಗುತ್ತಾ ತನ್ನ ಜಾಗಕ್ಕೆ ಓಡಿದ.